ಹೊಸ ಪ್ಯಾನಲ್ ವೈರಿಂಗ್: ಶುರು ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಸೋಮವಾರ ಹೊಸ ಕಂಟ್ರೋಲ್ ಪ್ಯಾನಲ್ ಕೆಲಸ ಶುರು. ಹೋದ ಸಲದ್ದು ನೆನಪಿದೆ ಅಲ್ವಾ? ಡ್ರೈವ್ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಆನ್ ಮಾಡಿದ ತಕ್ಷಣ ಟ್ಯಾಂಕ್ ಲೆವೆಲ್ ರೀಡಿಂಗ್ ಕುಣಿಯಲು ಶುರುವಾಯಿತು, ನಾವು ಎರಡು ದಿನ ಸುಮ್ನೆ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಪ್ರೋಗ್ರಾಂ ಜಾಲಾಡಿದೆವು, ಕೊನೆಗೆ ನೋಡಿದರೆ ಲೆವೆಲ್ ರೀಡಿಂಗ್ ತರುವ 4-20 ಮಿಲಿಆಂಪ್ ಸಿಗ್ನಲ್ ವೈರು ಮೋಟರ್ ಕೇಬಲ್ ಜೊತೆ ಒಂದೇ ಡಕ್ಟ್‌ನಲ್ಲಿ (ವೈರು ಹಾಯಿಸುವ ಕಾಲುವೆ) ಮಲಗಿತ್ತು, ಮೋಟರ್ ಕೇಬಲ್‌ನ ನಾಯ್ಸ್ ಸಿಗ್ನಲ್‌ಗೆ ಸೇರುತ್ತಿತ್ತು.

ಈ ಸಲ ಪವರ್‌ಗೆ ಒಂದು ಡಕ್ಟ್, ಸಿಗ್ನಲ್‌ಗೆ ಬೇರೆ. ನಡುವೆ 20 ಸೆಂ.ಮೀ. ಆದರೂ ಬಿಡಿ. ದಾಟಲೇಬೇಕಾದರೆ 90 ಡಿಗ್ರಿಯಲ್ಲಿ ದಾಟಿಸಿ. ಸಿಗ್ನಲ್ ಕೇಬಲ್ ಶೀಲ್ಡ್‌ಗೆ (ವೈರಿನ ಸುತ್ತಲಿನ ಲೋಹದ ಹೊದಿಕೆ) ಪ್ಯಾನಲ್ ಕಡೆ ಮಾತ್ರ ಅರ್ತಿಂಗ್, ಇನ್ನೊಂದು ತುದಿಗೆ ಸ್ಲೀವ್ ಹಾಕಿ. ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಕೇಬಲ್‌ಗೆ ಮಾತ್ರ ಎರಡೂ ಕಡೆ ಬೇಕು, ಅದೂ ಶೀಲ್ಡನ್ನು ಜಡೆ ಹೆಣೆದು ಸ್ಕ್ರೂಗೆ ಸಿಕ್ಕಿಸುವುದಲ್ಲ, ಪ್ಲೇಟಿನ ಪೇಂಟ್ ಕೆರೆದು ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಹಾಕಬೇಕು. 24 ವೋಲ್ಟ್ ಡಿಸಿ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕಾಯಿಲ್‌ಗೆ, ಆಫ್ ಆದಾಗ ಏಳುವ ವೋಲ್ಟೇಜ್ ತಡೆಯುವ ಡಯೋಡ್ ಮರೆಯಬೇಡಿ.

ಇನ್ನೊಂದು. ಮೇನ್ ಆಫ್ ಮಾಡಿ ಬೀಗ ಹಾಕಿದ ತಕ್ಷಣ ಡ್ರೈವ್ ಒಳಗೆ ಕೈ ಹಾಕಬೇಡಿ. 415 ವೋಲ್ಟ್ ಡ್ರೈವ್‌ನ ಕೆಪಾಸಿಟರ್‌ನಲ್ಲಿ 580 ವೋಲ್ಟ್‌ಗಿಂತ ಜಾಸ್ತಿ ಡಿಸಿ ಕೂತಿರುತ್ತದೆ. ಲೇಬಲ್‌ನಲ್ಲಿ ಬರೆದಷ್ಟು ಹೊತ್ತು ಕಾಯಿರಿ, ಆಮೇಲೆ ಮೀಟರ್ ಇಟ್ಟು ನೋಡಿ. ಡಕ್ಟ್ ಸ್ಕೆಚ್ ಯಾರು ಹಾಕುತ್ತೀರಿ, ಇವತ್ತೇ ಹೇಳಿ.