ಹಾಡು ವಿಟ್ನಿಯದಲ್ಲ, ಡಾಲಿಯದು

ಮಾನ್ಯರೇ,

‘ಐ ವಿಲ್ ಆಲ್ವೇಸ್ ಲವ್ ಯೂ’ ಎಂದರೆ ವಿಟ್ನಿ ಹೂಸ್ಟನ್ ಹಾಡು ಎಂದೇ ಬಹುತೇಕರ ನಂಬಿಕೆ. ಅದನ್ನು ಬರೆದು, 1973ರಲ್ಲೇ ಧ್ವನಿಮುದ್ರಿಸಿದವರು ಅಮೆರಿಕದ ಗಾಯಕಿ ಡಾಲಿ ಪಾರ್ಟನ್. ಟಿ.ವಿ. ಕಾರ್ಯಕ್ರಮದ ಜೊತೆಗಾರ ಪೋರ್ಟರ್ ವ್ಯಾಗನರ್ ಅವರಿಂದ ಬೇರೆಯಾಗುವಾಗ ಬರೆದ ವಿದಾಯವದು, ಪ್ರೇಮಭಂಗದ ಅಳಲಲ್ಲ. 1974ರಲ್ಲಿ, ಮತ್ತೆ ಹೊಸದಾಗಿ ಹಾಡಿದ 1982ರಲ್ಲೂ, ಅಮೆರಿಕದ ‘ಕಂಟ್ರಿ’ (ಅಲ್ಲಿನ ಗ್ರಾಮೀಣ ಶೈಲಿಯ ಸಂಗೀತ) ಹಾಡುಗಳ ಜನಪ್ರಿಯತಾ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನಡುವೆ ಎಲ್ವಿಸ್ ಪ್ರೀಸ್ಲಿ ಹಾಡಲು ಬಯಸಿದರೂ ಅವರ ಮ್ಯಾನೇಜರ್ ಪ್ರಕಾಶನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದ್ದರಿಂದ ಡಾಲಿ ಒಪ್ಪಲಿಲ್ಲ. ಒಪ್ಪಿದ್ದರೆ ಮುಂದೆ ಬಂದ ರಾಯಧನದಲ್ಲೂ ಅರ್ಧ ಹೋಗುತ್ತಿತ್ತು!

1992ರ ‘ದಿ ಬಾಡಿಗಾರ್ಡ್’ ಚಿತ್ರಕ್ಕೆ ವಿಟ್ನಿ ಇದನ್ನು ಹಾಡಿದಾಗ ಸಂಗೀತ ನಿರ್ಮಾಪಕ ಡೇವಿಡ್ ಫಾಸ್ಟರ್ ಮಾದರಿಯಾಗಿಟ್ಟುಕೊಂಡದ್ದು ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ 1975ರ ಮುದ್ರಿಕೆ. ಅದರಲ್ಲಿ ಕೊನೆಯ ಚರಣವೇ ಇರಲಿಲ್ಲ, ಆಮೇಲೆ ಸೇರಿಸಬೇಕಾಯಿತು. ವಾದ್ಯವಿಲ್ಲದ ಆರಂಭ ನಟ ಕೆವಿನ್ ಕಾಸ್ಟ್ನರ್ ಸೂಚನೆ. ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ವಿಟ್ನಿಯ ಈ ಹಾಡು 14 ವಾರ ಮೊದಲ ಸ್ಥಾನದಲ್ಲಿತ್ತು.

ನಮ್ಮ ವೇದಿಕೆ ಗಾಯಕರು ಎಡವುವುದು ಆ ಆರಂಭದಲ್ಲೇ. ಮುಕ್ಕಾಲು ನಿಮಿಷ ಆಸರೆಯಿಲ್ಲದೆ ಹಾಡುವಾಗ ಶ್ರುತಿ ಜಾರುತ್ತದೆ. ವಾದ್ಯಗಳು ಸೇರಿದ ಕೂಡಲೇ ಅಪಸ್ವರ ಬಯಲಾಗುತ್ತದೆ. ಕೀಬೋರ್ಡಿನವರು ಇಯರ್‌ಫೋನಿನಲ್ಲಿ ಎ ಸ್ವರವನ್ನು ಮೆಲ್ಲಗೆ ಹಿಡಿದಿಟ್ಟರೆ ಸಾಕು. ಸ್ಯಾಕ್ಸೋಫೋನ್ ಮುಗಿದು, ಡ್ರಮ್ಮಿನ ಒಂದೇ ಪೆಟ್ಟಿನ ನಂತರ ಶ್ರುತಿ ಎ ಮೇಜರ್‌ನಿಂದ ಬಿ ಮೇಜರ್‌ಗೆ, ಅಂದರೆ ಪೂರ್ಣ ಒಂದು ಮೆಟ್ಟಿಲು (ಕೀಬೋರ್ಡಿನಲ್ಲಿ ಎರಡು ಮನೆ), ಏರುತ್ತದೆ. ಅಲ್ಲಿ ಗಂಟಲು ಕಟ್ಟುವವರು ಇಡೀ ಹಾಡನ್ನೇ ಎರಡು ಮನೆ ಇಳಿಸಿ ಜಿಯಲ್ಲಿ ಆರಂಭಿಸಲಿ. ಇಲ್ಲವೇ ಡಾಲಿಯ ಮೂಲವನ್ನೇ ಹಾಡಲಿ: ಆಕೆ ಅಲ್ಲಿ ಕೂಗುವುದೇ ಇಲ್ಲ, ಕೊನೆಯ ಚರಣವನ್ನಂತೂ ಮಾತಿನಲ್ಲೇ ಹೇಳುತ್ತಾರೆ.

— ಓದುಗ, ಧಾರವಾಡ