ಅವತ್ತು ಬೆಳಕು ಬಿದ್ದಿರ್ಲಿಲ್ಲ ಪುಟ್ಟಿ

ಪುಟ್ಟಿ,

ದೊಡ್ಡಮ್ಮಂಗೆ ಬೈಪಾಸ್ ಡೇಟ್ ಕೊಟ್ಟಿದಾರೆ, ಬುಧವಾರ, ನಾಗಪುರದಲ್ಲೇ. ಗ್ರೂಪಲ್ಲಿ ನೀನೂ ಅಣ್ಣನೂ ಹೋಮ, ಆಸ್ಪತ್ರೆ ಬಿಲ್ಲು ಅಂತ ಕಿತ್ತಾಡಿದ್ದನ್ನ ಮತ್ತೆ ಎತ್ತಲ್ಲ. ಅವನು ಗ್ರೂಪ್ ಬಿಟ್ಟಿದ್ದೂ ತಪ್ಪೇ. ಆದ್ರೂ ನಿನ್ನ ಮಾತು ಸ್ವಲ್ಪ ಜಾಸ್ತಿ ಆಯ್ತು ಕಣೇ.

ಒಂದು ವಿಷಯ ಹೇಳ್ಬೇಕು, ನಿಮ್ಮಪ್ಪಂಗೂ ಗೊತ್ತಿಲ್ಲ. ನಮ್ಮಕ್ಕ, ನಿನ್ನ ದೊಡ್ಡಮ್ಮ, ಮದುವೆಯಾಗಿ ಹೋದಾಗಿಂದ ಪ್ರತಿ ಸಂಕ್ರಾಂತಿ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡೀಲಿ ಶಿವಲಿಂಗದ ಮೇಲೆ ಬಿಸಿಲು ಬಿತ್ತು ಅಂತ ನಾನೇ ಅವಳಿಗೆ ತಿಳಿಸ್ಬೇಕು, ಮೊದಲು ಇನ್‌ಲ್ಯಾಂಡ್ ಲೆಟರು, ಆಮೇಲೆ ಎಸ್‌ಟಿಡಿ ಬೂತು, ಈಗ ಮೊಬೈಲು. 2021ರಲ್ಲಿ ಕೊರೊನಾ ಅಂತ ಟಿವಿ ಮುಂದೆ ಕೂತಿದ್ದೆ, ಎಳ್ಳು ಬೀರೋ ತಟ್ಟೆ ತೊಡೆ ಮೇಲೆ. ಐದೂಕಾಲಾಯ್ತು, ಐದೂವರೆ ಆಯ್ತು, ಮೋಡ. ನಂದಿ ಕೊಂಬಿನ ಮಧ್ಯದಿಂದ ಬರ್ಬೇಕಾದ ಬಿಸಿಲು ಬರ್ಲೇ ಇಲ್ಲ. ಅಷ್ಟರಲ್ಲಿ ಅಕ್ಕಂದೇ ಫೋನು. ಅವಳ ಕೇಬಲ್ಲಲ್ಲಿ ಕನ್ನಡ ಬರಲ್ಲ. "ಬಿತ್ತೇನೇ?" ಅಂದ್ಲು. ಬಿತ್ತು ಅಕ್ಕ, ಚೆನ್ನಾಗಿ ಬಿತ್ತು ಅಂದ್ಬಿಟ್ಟೆ. ಕೈಯಲ್ಲಿ ಬಸವಣ್ಣನ ಸಕ್ಕರೆ ಅಚ್ಚಿತ್ತು, ಅದರ ಕೊಂಬು ಮುರಿದು ಬಾಯಿಗೆ ಹಾಕ್ಕೊಂಡೆ.

ಮೇ ತಿಂಗಳಲ್ಲಿ ಅವಳಿಗೆ ಕೋವಿಡ್ ಬಂತಲ್ಲ, ಆಕ್ಸಿಜನ್ ಮಾಸ್ಕ್ ಸರಿಸಿ ಏನಂದ್ಲು ಗೊತ್ತಾ? "ಈ ವರ್ಷ ಬೆಳಕು ಬಿದ್ದಿದೆ, ನಂಗೇನಾಗಲ್ಲ ಬಿಡೇ." ಹನ್ನೊಂದು ದಿನ ಇದ್ಲು ಆಸ್ಪತ್ರೇಲಿ. ಆ ಹನ್ನೊಂದು ದಿನ ನಾನು ದೇವರಮನೆ ಹೊಸಿಲು ದಾಟ್ಲಿಲ್ಲ, ಮಂಡಿನೋವು ಅಂದೆ, ನಿಮ್ಮಪ್ಪ ದೀಪ ಹಚ್ಚಿದ್ರು. ಅವಳು ಮನೆಗೆ ಬಂದ್ಲು ಸರಿ, ಆದ್ರೆ ನನ್ನ ಸುಳ್ಳಿಂದ ಬದುಕಿದ್ಲೋ ಡಾಕ್ಟರಿಂದಲೋ ದೇವರಿಂದಲೋ, ರಾತ್ರಿ ಎಚ್ಚರ ಆದಾಗೆಲ್ಲ ಇದೇ ಯೋಚ್ನೆ, ಇನ್ನೂ ಬಿಟ್ಟಿಲ್ಲ. ಟಿವಿಯಲ್ಲಿ ಆ ಬೂದಿ ಬಣ್ಣ, ಫೋನಲ್ಲಿ ಅವಳ ದನಿ, ಬಾಯಲ್ಲಿ ಸಕ್ಕರೆ.

ಅದಕ್ಕೇ ಹೇಳೋದು, ನಂಬೋದು ಬಿಡೋದು ನಿನ್ನಿಷ್ಟ, ಆದ್ರೆ ನಂಬಿರೋರ ಎದುರಿಗೆ ನಾಲಿಗೆ ಹಿಡಿದು ಮಾತಾಡು, ಶುಕ್ರವಾರನಾದ್ರೂ ದೀಪ ಹಚ್ಚು, ಹೊಗೆಗೆ ಅಲಾರಂ ಹೊಡ್ಕೊಳುತ್ತೆ ಅಂದ್ರೆ ಬ್ಯಾಟರಿದಾದ್ರೂ ಇಡು, ಊಟ ಹೊತ್ತಿಗೆ ಸರಿಯಾಗಿ... ನೋಡು, ಮತ್ತೆ ಶುರು ಹಚ್ಕೊಂಡೆ. ನೀನು ಯಾರಿಗೂ ಹೇಳ್ದೆ ದೊಡ್ಡಪ್ಪನ ಅಕೌಂಟಿಗೆ ದುಡ್ಡು ಹಾಕಿದೀಯಂತೆ. ಅವರು ಹೇಳ್ದಾಗ ಗ್ಯಾಸ್ ಆಫ್ ಮಾಡಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅವತ್ತು ಬೆಳಿಗ್ಗೇನೇ ನಿನಗೆ ಬೈದಿದ್ದೆ, ಅದನ್ನ ಮನಸ್ಸಲ್ಲಿ ಇಟ್ಕೋಬೇಡ.

ಈಗ ನಿನ್ನಿಂದ ಒಂದು ಕೆಲಸ ಆಗ್ಬೇಕು. ಸಂಕ್ರಾಂತಿವರೆಗೂ ಕಾಯಕ್ಕೆ ನಂಗೆ ಧೈರ್ಯ ಇಲ್ಲ. ಕಾಲೇಜಲ್ಲಿದ್ದಾಗ ನೀನೇ ಹೇಳಿದ್ದೆ, ಸೂರ್ಯ ದಕ್ಷಿಣಕ್ಕೆ ಹೋಗೋವಾಗ್ಲೂ ಅದೇ ದಾರಿ ಹಾಯ್ತಾನೆ, ಹಂಗಾಗಿ ನವೆಂಬರ್ ಕೊನೇಲೂ ಶಿವಲಿಂಗದ ಮೇಲೆ ಬಿಸಿಲು ಬೀಳುತ್ತೆ ಅಂತ. ದೇವರಿಗೂ ಲೆಕ್ಕ ಹಾಕ್ತೀಯಾ ಅಂತ ಬೈದಿದ್ದೆ. ಈಗ ಆ ಲೆಕ್ಕ ಬೇಕು ಕಣೇ. ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದು ಕಳಿಸು. ನನಗಲ್ಲ, ಅಣ್ಣಂಗೆ ಕಳಿಸು, ಗಾಡೀಲಿ ಕರ್ಕೊಂಡು ಹೋಗೋನು ಅವನೇ. ಒಂಬತ್ತರ ಮೇಲೆ ಫೋನ್ ಮಾಡಿದ್ರೆ ಎತ್ತಾನೆ.

ಅಮ್ಮ