ತಲೆ ಎಣಿಸಬೇಡಿ, ಗುಂಡಿಯ ಆಳ ನೋಡಿ: ಮಹಾರಾಷ್ಟ್ರದ ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಪುಣೆಯಲ್ಲಿ ನೀರಿನ ಪೈಪು, ಒಳಚರಂಡಿ ಕೆಲಸಗಳ ಮೇಲ್ವಿಚಾರಣೆ ಮಾಡುವ ಕನ್ನಡಿಗ ನಾನು. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಕಳಿಸಿದ್ದೇನೆ. ಇಲ್ಲಿನ ರಸ್ತೆ ಅಗೆಯುವವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಗುಳೆ ಬಂದವರು ಬಹಳ. ಅವರ ಮನೆಯವರೂ ಓದಲಿ ಎಂದು ಕನ್ನಡದಲ್ಲೂ ಬರೆದಿದ್ದೇನೆ. ಅಗೆದ ಗುಂಡಿಯ ಪಕ್ಕ ಕುಸಿದು ಅವರು ಹೂತುಹೋಗದಂತೆ ನಿಯಮ ಬೇಕು ಎಂಬುದೇ ನನ್ನ ಕೋರಿಕೆ.

ಕೆಲಸದ ಜಾಗದ ಸುರಕ್ಷತೆಗಾಗಿ ಕೇಂದ್ರ ಮಾಡಿದ ಕಾನೂನು, ಅಂದರೆ ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದು ಬಂದದ್ದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಜಾಗಕ್ಕೆ. ಹಳೆಯ ಕಾಯ್ದೆ 10 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆಗಷ್ಟೇ ಅನ್ವಯಿಸುತ್ತಿತ್ತು. ಹೊಸದರಲ್ಲೂ ಬಹುಮಟ್ಟಿಗೆ ಅದೇ ಹತ್ತರ ಗೆರೆ ಇದೆ. ನನ್ನ ತಕರಾರು ಆ ಗೆರೆಯ ಮೇಲೆ. ದೊಡ್ಡ ಗುತ್ತಿಗೆದಾರ ಕೆಲಸವನ್ನು ತುಂಡು ಮಾಡಿ ಸಣ್ಣವನಿಗೆ ಕೊಡುತ್ತಾನೆ, ಅವನು ಕೂಲಿಯಾಳುಗಳನ್ನು ಒದಗಿಸುವ ಮುಕಾದಮನಿಗೆ. ಮುಕಾದಮ ಬೆಳಿಗ್ಗೆ ನಾಕಾದಿಂದ (ಕೂಲಿಯವರು ಕೆಲಸಕ್ಕಾಗಿ ಕಾಯುವ ಚೌಕದಿಂದ) ಐದಾರು ಜನರನ್ನು ಟೆಂಪೋ ಹತ್ತಿಸಿ ತರುತ್ತಾನೆ. ಕಾಗದದಲ್ಲಿ ಆ ಐದಾರು ಜನ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಪುಣೆಯ ಬಹಳಷ್ಟು ಕಡೆ ಮೇಲೆ ಎರೆಮಣ್ಣು, ಅದರಡಿ ಗರಸು (ಹರಳುಮಣ್ಣು), ಕೆಳಗೆ ಕರಿಕಲ್ಲು. ಎರೆ ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ಗುಂಡಿಯ ಕಡಿದ ಪಕ್ಕ ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ನಿಂತಿರುತ್ತದೆ; ಅದನ್ನು ನೋಡಿಯೇ ಜನ ಧೈರ್ಯ ಮಾಡಿ ಇಳಿಯುತ್ತಾರೆ. ಬಿರುಕಿಗೆ ಒಂದು ಮಳೆ ಇಳಿಯಲಿ, ಹಳೆಯ ಪೈಪು ಸೋರಲಿ, ಅಂಚಿನಲ್ಲಿ ನೀರಿನ ಟ್ಯಾಂಕರ್ ಹಾಯಲಿ, ಪಕ್ಕ ಒಂದೇ ಹೋಳಾಗಿ ಕಳಚುತ್ತದೆ. ಊರೊಳಗಿನ ರಸ್ತೆಗಳಲ್ಲಿ ಇನ್ನೊಂದು ತೊಂದರೆ: ಹಿಂದೆ ಯಾರೋ ಅಗೆದು ತುಂಬಿದ ಸಡಿಲ ಮಣ್ಣು ಎಲ್ಲಿದೆಯೆಂದು ಮೇಲಿನಿಂದ ತಿಳಿಯುವುದೇ ಇಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನ ತಲೆ ಹೊರಗಿದ್ದರೂ ಉಸಿರೆಳೆಯಲು ಎದೆ ಅಗಲಿಸಲಾಗದು. ಎಳೆಯಲು ಇಳಿದ ಜೊತೆಗಾರನ ಮೇಲೆ ಇನ್ನೊಂದು ಪಕ್ಕ ಬೀಳುತ್ತದೆ.

ಏನು ಮಾಡಬೇಕೆಂಬುದು ಗೊತ್ತಿಲ್ಲದ ವಿಷಯವಲ್ಲ. ಅಗೆತದ ಸುರಕ್ಷತೆಯ ಭಾರತೀಯ ಮಾನಕ 3764ರ ಪ್ರಕಾರ 1.5 ಮೀಟರಿಗಿಂತ ಆಳದ ಕಂದಕಕ್ಕೆ ಪಕ್ಕ ಕುಸಿಯದಂತೆ ಒಳಗಿನಿಂದ ತಡೆಯುವ ಆಸರೆ ಕೊಡಬೇಕು. ತೆಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಷರತ್ತು 1.2 ಮೀಟರಿನಿಂದಲೇ ಏಣಿ ಕೇಳುತ್ತದೆ: 30 ಮೀಟರಿಗೆ ಒಂದು. ಆದರೆ ಇಕ್ಕಟ್ಟಿನ ಗಲ್ಲಿಯಲ್ಲಿ ಮಣ್ಣು ದೂರ ಹಾಕಲು ಜಾಗವೆಲ್ಲಿ? ಲಾರಿಯಲ್ಲಿ ಸಾಗಿಸಬೇಕು. ಆಸರೆಯ ಹಲಗೆ, ಜಾಕ್‌ಗಳನ್ನು ಬಾಡಿಗೆಗೆ ತರಬೇಕು. ಇವಕ್ಕೆ ಟೆಂಡರಿನಲ್ಲಿ ಬೇರೆ ದರವಿಲ್ಲದಿದ್ದರೆ ಕಡಿಮೆ ಬೆಲೆ ಕೂಗಿದವನು ಮೊದಲು ಕೈಬಿಡುವುದು ಅವನ್ನೇ.

ಆದ್ದರಿಂದ ರಾಜ್ಯದ ನಿಯಮದಲ್ಲಿ ಆಳವೇ ಅಳತೆಯಾಗಲಿ. ಒಬ್ಬನೇ ಇಳಿದರೂ 1.5 ಮೀಟರ್ ದಾಟಿದರೆ ಆಸರೆ ಕಡ್ಡಾಯವಾಗಲಿ. ಸಂಹಿತೆಯ ಹತ್ತರ ಗೆರೆ ಇದಕ್ಕೆ ಅಡ್ಡ ಬಂದರೆ ನಗರಾಭಿವೃದ್ಧಿ ಇಲಾಖೆಯೊಡನೆ ಮಾತಾಡಿ, ರಸ್ತೆ ಅಗೆಯುವ ಅನುಮತಿ ಪತ್ರಕ್ಕೇ ಈ ಷರತ್ತು ಸೇರಿಸಿ. ಪಾಲಿಕೆ ರಸ್ತೆ ದುರಸ್ತಿಗೆಂದು ಮೀಟರ್ ಲೆಕ್ಕದಲ್ಲಿ ಹಣ ಕಟ್ಟಿಸಿಕೊಳ್ಳುತ್ತದೆ. ಡಾಂಬರಿಗೆ ಇರುವ ಈ ಲೆಕ್ಕ ಒಳಗೆ ಇಳಿಯುವವನ ಜೀವಕ್ಕೂ ಇರಲಿ. ಆಸರೆಗೆ ಟೆಂಡರಿನಲ್ಲಿ ಬೇರೆ ದರ ನಮೂದಾಗಲಿ. ದಿನಾ ಬೆಳಿಗ್ಗೆ, ಮಳೆ ಬಂದಾಗ ಮತ್ತೊಮ್ಮೆ, ಗುಂಡಿ ನೋಡಿ ಸಹಿ ಹಾಕುವ ಒಬ್ಬನ ಹೆಸರು ಫಲಕದಲ್ಲಿರಲಿ. ಕೆಲಸ ನಿಲ್ಲಿಸುವ ಅಧಿಕಾರವೂ ಅವನಿಗಿರಲಿ. ಸೂಚನೆಯನ್ನು ಕನ್ನಡ, ಹಿಂದಿ, ತೆಲುಗಿನಲ್ಲಿ ಬಾಯಿಮಾತಿನಲ್ಲೂ ಹೇಳಿಸಿ. ಓದಲು ಬಾರದವರು ಬಹಳ.

2019ರ ಜೂನ್ 29ರಂದು ನಡುರಾತ್ರಿ ದಾಟಿದ ಮೇಲೆ ಪುಣೆಯ ಕೊಂಢ್ವಾದಲ್ಲಿ ವಸತಿ ಸಂಕೀರ್ಣದ ಗೋಡೆ ಕಾರ್ಮಿಕರ ತಗಡಿನ ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು, ಮಕ್ಕಳೂ ಸೇರಿ. ಅಗೆತದ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ಶೆಡ್ಡು ಹಾಕುವುದನ್ನೂ ಇದೇ ನಿಯಮ ತಡೆಯಬೇಕು.

ಮಳೆಗಾಲಕ್ಕೆ ಮುನ್ನ ಮುಗಿಸುವ ಅವಸರದಲ್ಲೇ ಆಳದ ಕೆಲಸ ಹೆಚ್ಚು ನಡೆಯುತ್ತದೆ. ಆ ತಿಂಗಳುಗಳು ಬರುವ ಮೊದಲೇ ತಾವು ಆದೇಶ ಹೊರಡಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಸೈಟ್ ಸೂಪರ್‌ವೈಸರ್, ಪುಣೆ